ಮನೆಯಿಂದಲೇ ಹೃದ್ರೋಗ ತಜ್ಞರ ವಿಡಿಯೊ ಭೇಟಿ: ವಾರದ ತಯಾರಿ, ಹತ್ತು ನಿಮಿಷದ ಮಾತು

ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವರಿಗೆ, ರಕ್ತದೊತ್ತಡದ ಮಾತ್ರೆ ಇನ್ನೂ ಹೊಂದಿಕೆಯಾಗದವರಿಗೆ, ಹೃದಯದ ಬಲ ಕುಗ್ಗಿ ಆಗಾಗ ತಜ್ಞರಿಗೆ ತೋರಿಸಲೇಬೇಕಾದವರಿಗೆ ರಾತ್ರಿ ಬಸ್ಸಿನ ಪ್ರಯಾಣವೇ ದೊಡ್ಡ ಶಿಕ್ಷೆ. ಸಿಂಧನೂರಿನಿಂದಲೋ ಶಿರಸಿಯಿಂದಲೋ ಹೊರಟು, ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದು, ಆಸ್ಪತ್ರೆಯ ಸಾಲಿನಲ್ಲಿ ಕಾದು, ಕೊನೆಗೆ "ಇದೇ ಮಾತ್ರೆ ಮುಂದುವರಿಸಿ" ಎಂಬ ಒಂದು ಮಾತು ಕೇಳಿಕೊಂಡು ಮರಳುವ ಹಿರಿಯರು ನಮ್ಮ ಎಲ್ಲರ ಮನೆಗಳಲ್ಲೂ ಇದ್ದಾರೆ. ಆ ಮಾತನ್ನು ಪಡಸಾಲೆಯಲ್ಲಿ ಕುಳಿತೇ ಕೇಳಬಹುದು. ಮಾತ್ರೆ ಬದಲಾಗಬೇಕಿದ್ದರೆ ಅದನ್ನೂ ಎಷ್ಟೋ ಸಲ ಅಲ್ಲಿಂದಲೇ ಮಾಡಿಸಿಕೊಳ್ಳಬಹುದು.

ಆದರೆ ಸ್ಟೆತಸ್ಕೋಪ್ ಪರದೆಯನ್ನು ದಾಟಿ ಬರುವುದಿಲ್ಲ. ವೈದ್ಯರು ನಾಡಿ ಹಿಡಿಯಲಾರರು, ಕಾಲನ್ನು ಒತ್ತಿ ನೋಡಲಾರರು, ಬಿ.ಪಿ. ಅಳೆಯಲಾರರು. ಆ ಕೆಲಸಗಳನ್ನೆಲ್ಲ ಮನೆಯವರೇ ಮಾಡಿ ಅವರ ಮುಂದಿಡಬೇಕು. ತಂದೆಯ ಹೃದಯದ ಕಾಯಿಲೆಯನ್ನು ದೂರದ ಊರಿನಿಂದ ನೋಡಿಕೊಳ್ಳುತ್ತಾ ನಾನು ಕಂಡುಕೊಂಡದ್ದು ಇದು: ವಿಡಿಯೊ ಭೇಟಿಯ ಫಲ ನಿರ್ಧಾರವಾಗುವುದು ಕರೆಯ ಹತ್ತು ನಿಮಿಷದಲ್ಲಿ ಅಲ್ಲ, ಅದಕ್ಕೆ ಮೊದಲಿನ ವಾರದಲ್ಲಿ. ಆದ್ದರಿಂದ ಈ ಬರಹದ ಹೆಚ್ಚು ಭಾಗ ಆ ವಾರದ ಬಗ್ಗೆಯೇ ಇದೆ.

ಮೊದಲು: ವಿಡಿಯೊ ಕರೆಗೆ ಕಾಯಬಾರದ ಹೊತ್ತು

ಎದೆಯ ನಡುವೆ ಭಾರ ಅಥವಾ ಬಿಗಿತ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಕುಳಿತಲ್ಲೇ ಏದುಸಿರು, ಕಣ್ಣು ಕತ್ತಲೆಯಾಗಿ ಬೀಳುವುದು, ಮುಖ ಸೊಟ್ಟಗಾಗುವುದು ಅಥವಾ ಒಂದು ಬದಿಯ ಕೈಕಾಲಿನ ಶಕ್ತಿ ಹೋಗುವುದು. ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ನಾಳೆ ಬೆಳಗ್ಗೆ ವಿಡಿಯೊ ಭೇಟಿ ಇದೆಯಲ್ಲ ಎಂದು ಕಾಯಬೇಡಿ.

ನಮ್ಮಲ್ಲಿ ಹೃದಯಾಘಾತವನ್ನು ಮರೆಮಾಚುವ ದೊಡ್ಡ ಶತ್ರು "ಗ್ಯಾಸ್ಟ್ರಿಕ್" ಎಂಬ ಪದ. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಓಮ ಅಗಿದು ಕಳೆದ ಒಂದೆರಡು ಗಂಟೆಗಳಲ್ಲಿ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ದಮ್ಮು ಎಂದು ಹೃದಯಾಘಾತ ಬರುವುದುಂಟು. ಹೊಟ್ಟೆಯುಬ್ಬರವೋ ಹೃದಯವೋ ಎಂಬುದನ್ನು ಇ.ಸಿ.ಜಿ. ಮತ್ತು ರಕ್ತಪರೀಕ್ಷೆ ಹೇಳಬೇಕು, ನಾವಲ್ಲ. ಮೊದಲ ಇ.ಸಿ.ಜಿ. ಸರಿಯಾಗಿದ್ದರೂ ನೋವು ಮುಂದುವರಿದರೆ ಮತ್ತೆ ತೆಗೆಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಬೆಂಗಳೂರಿಗೇ ಹೋಗಬೇಕು ಎಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಕಾರು ಓಡಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು: ಊರಿನ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುವುದು, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಅಲ್ಲಿನ ವೈದ್ಯರಿಗೆ ಸಲಹೆ ಕೊಡುವ ವ್ಯವಸ್ಥೆ ಕಟ್ಟಿರುವುದೂ ಇದೇ ಕಾರಣಕ್ಕೆ. ತುರ್ತು ಹೊತ್ತಿನಲ್ಲಿ ದೂರದ ತಜ್ಞರು ಮಾತನಾಡಬೇಕಾದದ್ದು ರೋಗಿಯ ಜೊತೆಗಲ್ಲ, ರೋಗಿಯ ಪಕ್ಕದಲ್ಲಿರುವ ವೈದ್ಯರ ಜೊತೆಗೆ.

ಯಾವುದಕ್ಕೆ ವಿಡಿಯೊ ಸಾಕು

ಆಸ್ಪತ್ರೆಯಿಂದ ಮರಳಿದ ನಂತರದ ನಿಯಮಿತ ಭೇಟಿ, ಬಿ.ಪಿ. ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳ ಹೊಂದಾಣಿಕೆ, ರಕ್ತಪರೀಕ್ಷೆ ಅಥವಾ ಎಕೋ (ಹೃದಯದ ಸ್ಕ್ಯಾನ್) ವರದಿ ಓದಿಸುವುದು, ಮಾತ್ರೆಯ ಅಡ್ಡಪರಿಣಾಮದ ಅನುಮಾನ, ಶಸ್ತ್ರಚಿಕಿತ್ಸೆ ಬೇಕೇ ಎಂಬುದಕ್ಕೆ ಎರಡನೆಯ ಅಭಿಪ್ರಾಯ. ಇವೆಲ್ಲ ಪರದೆಯ ಮೇಲೆ ಚೆನ್ನಾಗಿ ನಡೆಯುತ್ತವೆ. ಮೊದಲ ಬಾರಿ ಕಾಣಿಸಿದ ಎದೆನೋವು, ಹೊಸದಾಗಿ ಶುರುವಾದ ಏದುಸಿರು, ಪ್ರಜ್ಞೆ ತಪ್ಪಿದ್ದು, ಹೃದಯದ ಕವಾಟದ ಕಾಯಿಲೆಯ ಮೊದಲ ತಪಾಸಣೆ ಇವಕ್ಕೆ ನೇರ ಭೇಟಿಯೇ ಬೇಕು. ಹೃದಯದ ಮರ್ಮರ ಶಬ್ದವನ್ನು ಯಾವ ಫೋನೂ ಕೇಳಿಸಿಕೊಳ್ಳುವುದಿಲ್ಲ.

ವೈದ್ಯರನ್ನು ಆರಿಸಿ, ಸಮಯ ಗೊತ್ತುಪಡಿಸಿಕೊಳ್ಳುವುದು

ಈಗಾಗಲೇ ನಿಮ್ಮನ್ನು ಮುಟ್ಟಿ ನೋಡಿದ ವೈದ್ಯರೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಆಂಜಿಯೋಪ್ಲಾಸ್ಟಿ (ಸ್ಟೆಂಟ್ ಹಾಕುವ ಚಿಕಿತ್ಸೆ) ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಅದೇ ವೈದ್ಯರು ವಿಡಿಯೊ ಭೇಟಿ ಕೊಡುತ್ತಾರೆಯೇ ಎಂದು ಕೇಳಿ. ಇದಕ್ಕೆ ನಿಯಮದ ಬೆಂಬಲವೂ ಇದೆ. 2020ರ ಮಾರ್ಚ್ 25ರಂದು ಹೊರಬಂದ ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿ ಮೊದಲ ಭೇಟಿಗೂ ಮುಂದುವರಿದ ಭೇಟಿಗೂ ವ್ಯತ್ಯಾಸ ಮಾಡುತ್ತದೆ. ಅದೇ ವೈದ್ಯರನ್ನು ಅದೇ ಕಾಯಿಲೆಗೆ ಕಳೆದ ಆರು ತಿಂಗಳೊಳಗೆ ನೇರವಾಗಿ ಕಂಡಿದ್ದರೆ ಅದು ಮುಂದುವರಿದ ಭೇಟಿ. ಆಗ ಹಳೆಯ ಮಾತ್ರೆಯ ಜೊತೆಗೆ ಹೊಸದೊಂದನ್ನು ಸೇರಿಸಲು ವೈದ್ಯರಿಗೆ ಹೆಚ್ಚಿನ ಅವಕಾಶವಿರುತ್ತದೆ. ಪರಿಚಯವಿಲ್ಲದ ವೈದ್ಯರೊಂದಿಗಿನ ಮೊದಲ ಭೇಟಿಯಲ್ಲಿ ಬರೆಯಬಹುದಾದ ಔಷಧಗಳ ಪಟ್ಟಿ ಚಿಕ್ಕದು. ನಿದ್ರೆಯನ್ನೋ ಅಮಲನ್ನೋ ಬರಿಸುವ ಕೆಲವು ಬಿಗಿ ನಿಯಂತ್ರಣದ ಔಷಧಗಳನ್ನಂತೂ ದೂರದಿಂದ ಬರೆಯುವಂತೆಯೇ ಇಲ್ಲ. "ಇದಕ್ಕೆ ನೀವು ಬರಲೇಬೇಕು" ಎಂದು ವೈದ್ಯರು ಹೇಳಿದರೆ ಅದು ನಿರಾಕರಣೆಯಲ್ಲ, ಹಾಗೆ ಹೇಳುವುದು ಅವರ ಹೊಣೆ.

ಹೊಸಬರನ್ನು ಆರಿಸುವಾಗ ಅವರ ಪದವಿ ನೋಡಿ. ಹೃದ್ರೋಗ ತಜ್ಞರೆಂದರೆ ಎಂ.ಡಿ. ನಂತರ ಹೃದ್ರೋಗದಲ್ಲಿ ಡಿ.ಎಂ. ಅಥವಾ ತತ್ಸಮಾನ ಪದವಿ ಪಡೆದವರು. ಅವರ ನೋಂದಣಿ ಸಂಖ್ಯೆಯನ್ನು ಕೇಳುವುದು ಅಗೌರವವಲ್ಲ, ವಿಡಿಯೊ ಭೇಟಿಯಲ್ಲಿ ಅದನ್ನು ತೋರಿಸಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಕನ್ನಡ ಬಲ್ಲ ವೈದ್ಯರೇ ಬೇಕೆಂದು ಬುಕಿಂಗ್ ಮಾಡುವಾಗಲೇ ತಿಳಿಸಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಡಕಾಡುವ ಅಜ್ಜ ತನ್ನ ನೋವಿನ ಅರ್ಧವನ್ನು ನುಂಗಿಕೊಳ್ಳುತ್ತಾರೆ.

ಹಣದ ಅನುಕೂಲವಿಲ್ಲದವರಿಗೆ ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತ. ಮೊಬೈಲ್ ಸಂಖ್ಯೆಗೆ ಬರುವ ಒ.ಟಿ.ಪಿ. ಮೂಲಕ ಒಳಹೋಗಿ, ಟೋಕನ್ ಪಡೆದು ಸರದಿಗೆ ಕಾಯಬೇಕು. ಸ್ಮಾರ್ಟ್‌ಫೋನ್ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಹತ್ತಿರದ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಅದೇ ವ್ಯವಸ್ಥೆಯಲ್ಲಿ ದೊಡ್ಡ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸಿ ಕೊಡಬಲ್ಲರು. ನನಗೆ ಇದು ಹಿರಿಯರಿಗೆ ಮನೆಯ ಕರೆಗಿಂತ ಒಳ್ಳೆಯದೆಂದೇ ಅನಿಸುತ್ತದೆ, ಏಕೆಂದರೆ ಬಿ.ಪಿ. ನೋಡುವ ತರಬೇತಾದ ಕೈ ಅಲ್ಲಿರುತ್ತದೆ. ಈ ದಾರಿ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯದ ತಜ್ಞರೊಂದಿಗೆ ಮಾತನಾಡುತ್ತಿತ್ತು.

ಒಂದು ಎಚ್ಚರಿಕೆ. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ಬಿಡುಗಡೆ ಪತ್ರದ ಮೇಲಿರುವ ಸಂಖ್ಯೆಯನ್ನೇ ಬಳಸಿ. ಬುಕಿಂಗ್ ಖಚಿತಪಡಿಸಲು ಯಾವುದೋ ಆ್ಯಪ್ ಹಾಕಿಕೊಳ್ಳಿ, ಪರದೆ ತೋರಿಸಿ, ಬ್ಯಾಂಕಿನ ಒ.ಟಿ.ಪಿ. ಹೇಳಿ ಎಂದವರು ಆಸ್ಪತ್ರೆಯವರಲ್ಲ.

ಭೇಟಿಗೆ ಮೊದಲಿನ ವಾರ: ಅಳತೆಯ ಪುಸ್ತಕ

ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ಆ್ಯಪ್‌ಗಳಿವೆ ನಿಜ, ಆದರೆ ಮನೆಯ ಯಾರು ಬೇಕಾದರೂ ಬರೆಯಬಹುದಾದದ್ದು, ಕ್ಯಾಮೆರಾಗೆ ಹಿಡಿದು ತೋರಿಸಬಹುದಾದದ್ದು ಪುಸ್ತಕವೇ.

ಮೊದಲನೆಯದು ರಕ್ತದೊತ್ತಡ. ತೋಳಿಗೆ ಕಟ್ಟುವ ಯಂತ್ರವೇ ಇರಲಿ. ಮಣಿಕಟ್ಟಿನವು ಕೈ ಇಡುವ ಎತ್ತರ ಸ್ವಲ್ಪ ಬದಲಾದರೂ ತಪ್ಪು ಹೇಳುತ್ತವೆ. ತೋಳಪಟ್ಟಿಯ ಅಳತೆ ನೋಡಿ ಕೊಳ್ಳಿ. ಸಾಮಾನ್ಯವಾಗಿ ಸಿಗುವ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ, ಅದಕ್ಕೆ ಬೇಡದ ಮಾತ್ರೆಯೂ ಸೇರುತ್ತದೆ.

ಅಳೆಯುವುದಕ್ಕೆ ಮೊದಲ ಅರ್ಧ ಗಂಟೆ ಕಾಫಿ, ಚಹಾ, ಬೀಡಿ, ಸಿಗರೇಟು, ಬಿರುಸಿನ ಕೆಲಸ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಎರಡೂ ಪಾದ ನೆಲದ ಮೇಲೆ ಊರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ಚಕ್ಕಳಮಕ್ಕಳ ಹಾಕಿ ಚಾಪೆಯ ಮೇಲೆ ಕುಳಿತು ಅಳೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ, ಅದರಿಂದ ಅಂಕಿ ವ್ಯತ್ಯಾಸವಾಗುತ್ತದೆ. ತೋಳಿನ ಮೇಲೆ ಬಟ್ಟೆ ಇರಬಾರದು, ಪಟ್ಟಿ ಹೃದಯದ ಮಟ್ಟದಲ್ಲಿರಬೇಕು, ಕೈ ಮೇಜಿನ ಮೇಲೆ ಒರಗಿರಬೇಕು. ಅಳೆಯುವಾಗ ಮಾತು ಬೇಡ. ಬೆಳಗ್ಗೆ ಮಾತ್ರೆ ನುಂಗುವ ಮುಂಚೆ ಎರಡು ಸಲ, ಒಂದು ನಿಮಿಷ ಬಿಟ್ಟು. ಸಂಜೆ ಮತ್ತೆ ಎರಡು ಸಲ. ಏಳು ದಿನ ಹೀಗೆ ಬರೆದಿಟ್ಟು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದ ಸರಾಸರಿ 135/85 ಅಥವಾ ಅದಕ್ಕೂ ಮೇಲಿದ್ದರೆ ಹೆಚ್ಚು ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ನಿಮ್ಮ ಗುರಿ ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು.

ಚೆನ್ನಾಗಿ ಕಂಡ ಅಂಕಿಯನ್ನು ಮಾತ್ರ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. "ಅದು ಕೋಪ ಬಂದಾಗ ನೋಡಿದ್ದು, ಬಿಡು" ಎನ್ನುತ್ತಾರೆ. ಬಿಡಬೇಡಿ, ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ತಿದ್ದಿದ ಪುಸ್ತಕ ನೋಡಿ ಬರೆದ ಮಾತ್ರೆ ತಿದ್ದಿದ ದೇಹಕ್ಕೆ ಹೋಗುವುದಿಲ್ಲ, ಇರುವ ದೇಹಕ್ಕೇ ಹೋಗುತ್ತದೆ.

ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ ಇನ್ನೊಂದು ಅಳತೆ ಬೇಕು. ಕುಳಿತಲ್ಲಿ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ಅದು ವೈದ್ಯರಿಗೆ ಬಹಳ ಮುಖ್ಯವಾದ ಸುದ್ದಿ. ಹಿರಿಯರು ಬಚ್ಚಲಲ್ಲಿ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನಾಡಿ ಬಡಿತವನ್ನು ಬಿ.ಪಿ. ಯಂತ್ರವೇ ತೋರಿಸುತ್ತದೆ. ಆದರೆ ಬಡಿತ ಏರುಪೇರಾಗಿದ್ದರೆ ಯಂತ್ರಕ್ಕೆ ಗೊಂದಲವಾಗುತ್ತದೆ, ಆಗ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬಿ.ಪಿ.ಯನ್ನೂ ಎರಡರ ಬದಲು ಮೂರು ಸಲ ನೋಡಿ.

ಹೃದಯ ವೈಫಲ್ಯ (ಹೃದಯದ ಬಲ ಕುಗ್ಗಿದ ಸ್ಥಿತಿ) ಇರುವವರಿಗೆ ತೂಕದ ಯಂತ್ರವೇ ಮುಖ್ಯ ಸಾಧನ. ಬೆಳಗ್ಗೆ ಎದ್ದು, ಮೂತ್ರ ಮಾಡಿ, ತಿಂಡಿಗೆ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ. ಮೂರು ದಿನದಲ್ಲಿ ಎರಡು ಕಿಲೊಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು. ಗೊತ್ತುಪಡಿಸಿದ ಭೇಟಿಯ ದಿನದವರೆಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಫೋನ್ ಮಾಡಿ. ಏದುಸಿರು ಶುರುವಾಗುವ ಮೊದಲೇ ತೂಕ ಎಚ್ಚರಿಸುತ್ತದೆ, ಅದಕ್ಕೇ ಇದಕ್ಕೆ ಇಷ್ಟು ಬೆಲೆ.

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಬೆಚ್ಚಗಿನ ಕೈಗೆ, ಬಣ್ಣವಿಲ್ಲದ ಉಗುರಿಗೆ ಹಾಕಿ, ಅಂಕಿ ನೆಲೆ ನಿಲ್ಲುವವರೆಗೆ ಕಾಯಿರಿ. ಇ.ಸಿ.ಜಿ. ತೋರಿಸುವ ಕೈಗಡಿಯಾರಗಳ ಬಗ್ಗೆ ಒಂದೇ ಮಾತು: ಅವು ಬಡಿತದ ತಾಳ ತಪ್ಪಿದ್ದನ್ನು ಹಿಡಿಯಬಲ್ಲವು, ಹೃದಯಾಘಾತವನ್ನು ಹಿಡಿಯಲಾರವು. ಗಡಿಯಾರ ಸರಿ ಎಂದಿತು ಎಂದು ಎದೆನೋವನ್ನು ಕಡೆಗಣಿಸಬೇಡಿ.

ಅಂಕಿಗಳಿಗೆ ಸಿಗದ ಸಂಗತಿಗಳನ್ನೂ ಬರೆಯಿರಿ. ಎಷ್ಟು ಮೆಟ್ಟಿಲು ಹತ್ತಿದರೆ ನಿಲ್ಲಬೇಕಾಗುತ್ತದೆ? ಹೋದ ತಿಂಗಳು ಎಷ್ಟಿತ್ತು? ರಾತ್ರಿ ಎಷ್ಟು ದಿಂಬು ಬೇಕು? ಮಲಗಿದ ಮೇಲೆ ಉಸಿರುಕಟ್ಟಿ ಎದ್ದು ಕುಳಿತದ್ದುಂಟೇ? ಸಂಜೆ ಚಪ್ಪಲಿ ಬಿಗಿಯಾಗುತ್ತದೆಯೇ? ಕಾಫಿ ತೋಟದ ಏರಿಯನ್ನು ಹತ್ತುತ್ತಿದ್ದವರು ಈಗ ಅಂಗಳ ದಾಟಲು ಕಷ್ಟಪಡುತ್ತಿದ್ದರೆ ಆ ಒಂದು ವಾಕ್ಯ ಹಲವು ಪರೀಕ್ಷೆಗಳಷ್ಟು ಹೇಳುತ್ತದೆ.

ಮಾತ್ರೆಗಳು ಮತ್ತು ಅಡುಗೆಮನೆ

ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಒಂದು ತಟ್ಟೆಯಲ್ಲಿ ಹರಡಿ, ಹೆಸರು ಮತ್ತು ಮಿಲಿಗ್ರಾಂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಕತ್ತರಿಸುವಾಗ ಹೆಸರಿರುವ ಭಾಗ ಕಳೆದುಹೋಗದಂತೆ ನೋಡಿಕೊಳ್ಳಿ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಮಾತ್ರೆಯನ್ನು ಎರಡು ಸಲ ನುಂಗುತ್ತಿರುವುದು ಹೀಗೆ ಹರಡಿ ನೋಡಿದಾಗಲೇ ಗೊತ್ತಾಗುವುದು. ಮೊಣಕಾಲು ನೋವಿಗೆ ಔಷಧದ ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ಕೂಡ ಆ ತಟ್ಟೆಯಲ್ಲಿರಲಿ. ಅವು ಬಿ.ಪಿ. ಏರಿಸುತ್ತವೆ, ಹೃದಯ ವೈಫಲ್ಯದವರಲ್ಲಿ ನೀರು ನಿಲ್ಲಿಸುತ್ತವೆ. ನಾಟಿ ಔಷಧ, ಲೇಹ್ಯ, ಚೂರ್ಣಗಳನ್ನೂ ಮುಚ್ಚಿಡಬೇಡಿ. ಬಯ್ಯುತ್ತಾರೆಂಬ ಹೆದರಿಕೆಯಿಂದ ಮುಚ್ಚಿಟ್ಟದ್ದೇ ಕೊನೆಗೆ ತೊಂದರೆ ಕೊಡುತ್ತದೆ.

ಯಾವ ಮಾತ್ರೆ ಎಷ್ಟು ದಿನ ತಪ್ಪಿತು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲೋರ್ ಮಾತ್ರೆಯನ್ನು ಹಲ್ಲು ಕೀಳಿಸುವುದಕ್ಕೆಂದು ತಾವೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸಬಾರದು. ಹಾಗೆಯೇ ಕೆಲವು ತೊಂದರೆಗಳು ಕಾಯಿಲೆಯದಲ್ಲ, ಮಾತ್ರೆಯದೇ ಆಗಿರುತ್ತವೆ. ಆಮ್ಲೊಡಿಪಿನ್‌ನಿಂದ ಕಾಲು ಊದಿಕೊಳ್ಳುವುದುಂಟು, ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುವುದುಂಟು, ಟಿಕಾಗ್ರೆಲೋರ್‌ನಿಂದ ಉಸಿರಿನ ಕಸಿವಿಸಿ ಆಗುವುದುಂಟು. ಇವನ್ನು ಹೇಳಿದರೆ ಮಾತ್ರೆ ಬದಲಾಗುತ್ತದೆ. ಹೇಳದೆ ತಾವೇ ನಿಲ್ಲಿಸಿದರೆ ಹೃದಯಕ್ಕೆ ಕಾವಲಿಲ್ಲದಂತಾಗುತ್ತದೆ.

ಅಡುಗೆಮನೆಯ ವಿವರವೂ ಬೇಕು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಷ್ಟು? ಸಾರಿಗೆ ಉಪ್ಪು ಕಡಿಮೆ ಮಾಡಿದ್ದೇವೆ ಎಂದು ಹೇಳಿ ತಟ್ಟೆಯ ತುದಿಗೆ ಇವೆಲ್ಲ ಬಂದು ಕೂತರೆ ಲೆಕ್ಕ ಅಲ್ಲಿಗೇ ಹೋಗುತ್ತದೆ. ಕಡಿಮೆ ಸೋಡಿಯಂ ಉಪ್ಪು ಬಳಸುತ್ತಿದ್ದರೆ ತಪ್ಪದೆ ತಿಳಿಸಿ. ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದು ಅಪಾಯ ತರಬಲ್ಲದು. ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ಸೊಪ್ಪಿನ ಹುಳಿಯೇ ಊಟ, ಮರುವಾರ ಸೊಪ್ಪೇ ಇಲ್ಲ ಎಂದಾದರೆ ರಕ್ತ ಹೆಪ್ಪುಗಟ್ಟಲು ತಗಲುವ ಹೊತ್ತನ್ನು ಹೇಳುವ ಐ.ಎನ್.ಆರ್. ಅಂಕಿ ಏರಿಳಿಯುತ್ತದೆ. ಅಂಥವರು ಭೇಟಿಗೆ ಮೊದಲು ಐ.ಎನ್.ಆರ್. ಪರೀಕ್ಷೆ ಮಾಡಿಸಿಕೊಂಡೇ ಕೂರಬೇಕು.

ಕಾಗದಪತ್ರ: ಇ.ಸಿ.ಜಿ. ಫೋಟೊ ಹೇಗೆ ತೆಗೆಯಬೇಕು

ಆಸ್ಪತ್ರೆಯ ಬಿಡುಗಡೆ ಪತ್ರ, ಆಂಜಿಯೋಗ್ರಾಮ್ ವರದಿ, ಸ್ಟೆಂಟ್ ಕಾರ್ಡ್, ಕೊನೆಯ ಎಕೋ ವರದಿ, ಹಳೆಯದೊಂದು ಮತ್ತು ಹೊಸದೊಂದು ಇ.ಸಿ.ಜಿ., ಕೊಲೆಸ್ಟ್ರಾಲ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಪೊಟ್ಯಾಸಿಯಂ, ಎಚ್.ಬಿ.ಎ.1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ವರದಿಗಳು. ಇವಿಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಎಕೋ ವರದಿಯಲ್ಲಿ ಇ.ಎಫ್. ಎಂಬ ಶೇಕಡಾ ಅಂಕಿ ಇರುತ್ತದೆ. ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ವೈದ್ಯರು ಮೊದಲು ಕೇಳುವ ಅಂಕಿಗಳಲ್ಲಿ ಅದೊಂದು.

ಇ.ಸಿ.ಜಿ. ಕಾಗದಕ್ಕೆ ಶಾಖ ತಾಗಿದರೆ ಕಪ್ಪಾಗುತ್ತದೆ, ದಿನ ಕಳೆದಂತೆ ಗೆರೆಗಳು ಮಾಸುತ್ತವೆ. ಜೋಪಾನ ಮಾಡಬೇಕೆಂದು ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಹಾಳು. ತೆಗೆಸಿದ ದಿನವೇ ಫೋಟೊ ತೆಗೆದಿಡಿ. ಕಾಗದವನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ, ಹಗಲಿನ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ನಿಮ್ಮ ನೆರಳು ಬೀಳದಂತೆ ನೇರ ಮೇಲಿನಿಂದ ತೆಗೆಯಿರಿ. ಹನ್ನೆರಡೂ ಲೀಡ್‌ಗಳು (ಬೇರೆ ಬೇರೆ ಕೋನದಿಂದ ತೆಗೆದ ಗೆರೆಗಳು), ಹೆಸರು, ದಿನಾಂಕ, ಸಮಯ ಕಾಣಬೇಕು. ದೊಡ್ಡದು ಮಾಡಿ ನೋಡಿದಾಗ ಸಣ್ಣ ಚೌಕಗಳನ್ನು ಎಣಿಸಲು ಸಾಧ್ಯವಾಗಬೇಕು, ಏಕೆಂದರೆ ವೈದ್ಯರು ಎಣಿಸುವುದು ಅವನ್ನೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲವನ್ನೂ ಹಿಂದಿನ ದಿನವೇ ಕಳಿಸಿ. ಕರೆಯ ನಡುವೆ ಗ್ಯಾಲರಿಯಲ್ಲಿ ಹುಡುಕುತ್ತಾ ಕಳೆದ ನಿಮಿಷ ಮರಳಿ ಬರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ 14 ಅಂಕಿಯ ಸಂಖ್ಯೆ ಇದ್ದರೆ ಅದನ್ನೂ ಬರೆದುಕೊಂಡಿರಿ.

ಕೋಣೆ, ಬೆಳಕು, ಫೋನ್

ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಮುಖ ಕಪ್ಪು ನೆರಳಾಗುತ್ತದೆ, ಕಿಟಕಿಗೆ ಮುಖ ಮಾಡಿ ಕೂರಿ. ಫೋನನ್ನು ಕೈಯಲ್ಲಿ ಹಿಡಿಯದೆ ಡಬ್ಬಕ್ಕೋ ಪುಸ್ತಕಗಳಿಗೋ ಒರಗಿಸಿ ಕಣ್ಣಿನ ಮಟ್ಟದಲ್ಲಿ ನಿಲ್ಲಿಸಿ. ಚಾರ್ಜ್ ತುಂಬಿರಲಿ, ವಿದ್ಯುತ್ ಹೋದರೆ ವೈಫೈ ಕೂಡ ಹೋಗುತ್ತದೆ ಎಂಬುದನ್ನು ಮರೆಯದೆ ಮೊಬೈಲ್ ಡೇಟಾ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಮಳೆಗಾಲದ ಮಾತೇ ಬೇರೆ. ಸಂಪರ್ಕ ಕಡಿದರೆ ಯಾವ ಸಂಖ್ಯೆಗೆ ಸಾಧಾರಣ ಕರೆ ಮಾಡಬೇಕೆಂದು ಮೊದಲೇ ಕೇಳಿಕೊಂಡಿರಿ. ಟಿ.ವಿ. ಆರಿಸಿ, ಕುಕ್ಕರ್ ಇಳಿಸಿ. ರೋಗಿ ಸಡಿಲವಾದ ಅಂಗಿ ಹಾಕಿಕೊಂಡು, ಕಣಕಾಲು ತೋರಿಸಲು ಬರುವಂತೆ ಪಂಚೆಯನ್ನೋ ಪೈಜಾಮವನ್ನೋ ಉಟ್ಟಿರಲಿ. ಪಕ್ಕದಲ್ಲಿ ಬಿ.ಪಿ. ಯಂತ್ರ, ಪುಸ್ತಕ, ಮಾತ್ರೆಯ ತಟ್ಟೆ, ಪೆನ್ನು.

ರೋಗಿಯ ಜೊತೆ ಒಬ್ಬರೇ ಇರಲಿ. ಇಡೀ ಮನೆಯವರು ಸುತ್ತ ನಿಂತರೆ ರೋಗಿಯ ಬಾಯಿಂದ ಮಾತೇ ಹೊರಡುವುದಿಲ್ಲ.

ಕರೆಯ ಹೊತ್ತು

ಹೆಸರು, ವಯಸ್ಸು, ಊರು ಹೇಳಿದ ಕೂಡಲೇ ಎಲ್ಲಕ್ಕಿಂತ ಮುಖ್ಯವಾದ ತೊಂದರೆಯನ್ನು ಮೊದಲ ವಾಕ್ಯದಲ್ಲೇ ಹೇಳಿ. ನಮ್ಮಲ್ಲಿ ಅತಿ ಮುಖ್ಯವಾದದ್ದನ್ನು ಬಾಗಿಲ ಬಳಿ ಹೋಗಿ ತಿರುಗಿ ಹೇಳುವ ಅಭ್ಯಾಸವಿದೆ. ವಿಡಿಯೊದಲ್ಲಿ ಬಾಗಿಲೇ ಇಲ್ಲ, ಕರೆ ಮುಗಿದರೆ ಮುಗಿಯಿತು.

ನೋವಿನ ಬಗ್ಗೆ ಹೇಳುವಾಗ ಐದು ವಿಷಯ ಸಾಕು: ಎಲ್ಲಿ, ಹೇಗೆ, ಎಷ್ಟು ಹೊತ್ತು, ಏನು ಮಾಡಿದಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ. ಎದೆ ಉರಿಯೇ, ಚುಚ್ಚುವುದೇ, ಕಲ್ಲು ಇಟ್ಟಂತೆ ಭಾರವೇ, ಹಿಡಿದುಕೊಂಡಂತೆಯೇ? ಇವು ಬೇರೆ ಬೇರೆ ಕಾಯಿಲೆಗಳತ್ತ ಬೆರಳು ಮಾಡುತ್ತವೆ. ನಡೆದಾಗ ಬಂದು ನಿಂತಾಗ ಹೋಗುವ ಬಿಗಿತವನ್ನು ಹಗುರವಾಗಿ ಹೇಳಬೇಡಿ. ಒಂದು ಬೆರಳಿನಿಂದ ಜಾಗ ತೋರಿಸಬಹುದೇ ಅಥವಾ ಇಡೀ ಅಂಗೈ ಬೇಕೇ ಎಂಬುದನ್ನೂ ಕ್ಯಾಮೆರಾ ಮುಂದೆ ತೋರಿಸಿ. ಎದೆ ಡವಡವ ಎನ್ನುತ್ತದೆ ಎಂದಾದರೆ ಅದು ಹೇಗೆ ಬಡಿಯುತ್ತದೆ ಎಂದು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ. ಒಂದೇ ಸಮ ವೇಗವೋ, ನಡುವೆ ತಪ್ಪುವುದೋ, ತಾಳವೇ ಇಲ್ಲವೋ ಎಂಬುದು ವೈದ್ಯರಿಗೆ ಆ ತಟ್ಟುವಿಕೆಯಿಂದಲೇ ಬಹುಪಾಲು ತಿಳಿಯುತ್ತದೆ.

ರೋಗಿಯೇ ಮಾತನಾಡಲಿ, ಜೊತೆಯಲ್ಲಿರುವವರು ಬಿಟ್ಟುಹೋದದ್ದನ್ನು ಸೇರಿಸಲಿ. "ಅಪ್ಪ ಚೆನ್ನಾಗಿಯೇ ಇದ್ದಾರೆ" ಎಂದು ಮಗ ಮೊದಲೇ ಹೇಳಿಬಿಟ್ಟರೆ ಅಪ್ಪ ಹೌದೆಂದು ತಲೆಯಾಡಿಸುತ್ತಾರೆ. ಪೂರ್ತಿ ವಾಕ್ಯ ಮಾತನಾಡುವಾಗ ನಡುವೆ ಉಸಿರಿಗೆ ನಿಲ್ಲುತ್ತಾರೆಯೇ ಎಂಬುದನ್ನು ವೈದ್ಯರು ಗಮನಿಸುತ್ತಿರುತ್ತಾರೆ. ರೋಗಿಯ ಬದಲು ಬೇರೆಯವರು ಮಾತನಾಡಿದರೆ ಆ ಪರೀಕ್ಷೆಯೇ ಕೈತಪ್ಪುತ್ತದೆ.

ಕಾಲಿನ ಊತ ತೋರಿಸುವ ಬಗೆ ಹೀಗೆ: ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಗಟ್ಟಿಯಾಗಿ ಒತ್ತಿ ಬಿಡಿ. ಗುಳಿ ಬಿದ್ದು ನಿಂತರೆ ಫೋನನ್ನು ಹತ್ತಿರ ಒಯ್ದು, ಬೆಳಕು ಓರೆಯಾಗಿ ಬೀಳುವಂತೆ ತೋರಿಸಿ. ಎರಡೂ ಕಾಲು ತೋರಿಸಿ, ಏಕೆಂದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರ ಸೂಚನೆಯಾಗಿರಬಹುದು. ವೈದ್ಯರು ಕುತ್ತಿಗೆಯ ನರ ನೋಡಬೇಕೆಂದರೆ ಒರಗಿ ಕುಳಿತು ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಡೆಯ ಕುತ್ತಿಗೆಗೆ ಬೆಳಕು ಬೀಳಲಿ. ಶಸ್ತ್ರಚಿಕಿತ್ಸೆಯ ಗಾಯ ಕೆಂಪಾಗಿದ್ದರೆ ತೋರಿಸಲು ಹಿಂಜರಿಯಬೇಡಿ.

ಕರೆಯನ್ನು ರೆಕಾರ್ಡ್ ಮಾಡಬೇಕೆನಿಸಿದರೆ ವೈದ್ಯರ ಒಪ್ಪಿಗೆ ಕೇಳಿ. ಅದಕ್ಕಿಂತ ಒಳ್ಳೆಯದು ಬರೆದುಕೊಳ್ಳುವುದು, ಕೊನೆಯಲ್ಲಿ ಬರೆದದ್ದನ್ನು ಓದಿ ಹೇಳುವುದು: "ಬೆಳಗಿನ ಈ ಮಾತ್ರೆ ನಿಲ್ಲಿಸುವುದು, ರಾತ್ರಿ ಈ ಹೊಸದು, ಹತ್ತು ದಿನಕ್ಕೆ ರಕ್ತಪರೀಕ್ಷೆ. ಸರಿಯೇ?" ತಪ್ಪು ಇದ್ದರೆ ಅಲ್ಲಿಯೇ ತಿದ್ದಲ್ಪಡುತ್ತದೆ. ಕರೆ ಮುಗಿಸುವ ಮುಂಚೆ ಇನ್ನೊಂದನ್ನು ಕೇಳಿ: ಯಾವ ಅಂಕಿ ಅಥವಾ ಲಕ್ಷಣ ಕಂಡರೆ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಬೇಕು? ಎದೆನೋವಿಗೆ ನಾಲಿಗೆಯಡಿ ಇಡುವ ಸೋರ್ಬಿಟ್ರೇಟ್ ಮಾತ್ರೆ ಮನೆಯಲ್ಲಿದ್ದರೆ ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದೂ ಕೇಳಿ. ಬಿ.ಪಿ. ಕುಸಿದವರಿಗೆ, ಲೈಂಗಿಕ ಶಕ್ತಿಗೆಂದು ನುಂಗುವ ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡವರಿಗೆ ಅದು ಅಪಾಯಕಾರಿ. ನೆರೆಯವರ ಎದೆನೋವಿಗೆ ನಿಮ್ಮ ಸೋರ್ಬಿಟ್ರೇಟ್ ಕೊಡಬೇಡಿ.

ದೂರದ ಮಕ್ಕಳು

ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುವ ಮಗಳು ಶಿವಮೊಗ್ಗದ ತಾಯಿಯ ಭೇಟಿಗೆ ಮೂರನೆಯವರಾಗಿ ಸೇರಬಹುದು. ತಾಯಿ ಕರೆಯಲ್ಲಿದ್ದು ಒಪ್ಪಿದರೆ ಸಾಕು. ತಾಯಿ ಇಲ್ಲದೆ ಮಗಳೊಬ್ಬಳೇ ವೈದ್ಯರ ಜೊತೆ ಮಾತನಾಡಬೇಕಾದರೆ ತಾಯಿಯ ಒಪ್ಪಿಗೆ ಪತ್ರ ಬೇಕಾಗುತ್ತದೆ. ಆದರೆ ಆ ಮಗಳು ತನ್ನದೇ ಎದೆನೋವಿಗೆ ಬೆಂಗಳೂರಿನ ವೈದ್ಯರಿಂದ ಔಷಧ ಬರೆಸಿಕೊಳ್ಳುವುದು ಬೇರೆ ಮಾತು. ನಮ್ಮ ಮಾರ್ಗಸೂಚಿ ದೇಶದ ಹೊರಗಿನ ರೋಗಿಗಳ ಸಮಾಲೋಚನೆಯನ್ನು ಒಳಗೊಳ್ಳುವುದಿಲ್ಲ, ಅಲ್ಲಿನ ವೈದ್ಯರನ್ನೇ ಕಾಣಬೇಕು.

ಕರೆ ಮುಗಿದ ಮೇಲೆ

ಔಷಧ ಚೀಟಿ ಬಂದ ಕೂಡಲೇ ತೆರೆದು ನೋಡಿ. ರೋಗಿಯ ಹೆಸರು, ವಯಸ್ಸು, ದಿನಾಂಕ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ನೀವು ಬರೆದುಕೊಂಡದ್ದಕ್ಕೂ ಚೀಟಿಗೂ ತಾಳೆಯಾಗದಿದ್ದರೆ ಅಂಗಡಿಗೆ ಹೋಗುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ. ನಿಲ್ಲಿಸಿದ ಮಾತ್ರೆಯನ್ನು ಡಬ್ಬಿಯಿಂದ ಆ ದಿನವೇ ತೆಗೆದುಬಿಡಿ. ಹಳೆಯದೂ ಹೊಸದೂ ಒಟ್ಟಿಗೆ ನುಂಗಿ ಬಿ.ಪಿ. ಕುಸಿದು ಬೀಳುವುದು ಹೀಗೆಯೇ. ಹೊಸ ಮಾತ್ರೆ ಶುರುವಾದ ಮೊದಲ ವಾರ ಅಳತೆಯ ಪುಸ್ತಕವನ್ನು ಮುಂದುವರಿಸಿ.

ಬರೆದ ರಕ್ತಪರೀಕ್ಷೆಯನ್ನು ಊರಿನ ಪ್ರಯೋಗಾಲಯದಲ್ಲೇ ಮಾಡಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ರಾಮಿಪ್ರಿಲ್‌ನಂಥದ್ದು ಬದಲಾದಾಗ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸುವುದನ್ನು ಆರಾಮಾಗಿದ್ದೇವೆ ಎಂದು ತಪ್ಪಿಸಬೇಡಿ, ಪೊಟ್ಯಾಸಿಯಂ ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ವರದಿಯನ್ನು ಆಸ್ಪತ್ರೆಗೆ ಕಳಿಸಿ ಸುಮ್ಮನಿರದೆ, ವೈದ್ಯರು ನೋಡಿದರೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಕೊನೆಗೆ ಕ್ಯಾಲೆಂಡರಿನಲ್ಲಿ ಎರಡು ದಿನಾಂಕ ಗುರುತು ಮಾಡಿ. ಒಂದು ಮುಂದಿನ ವಿಡಿಯೊ ಭೇಟಿಯದು, ಇನ್ನೊಂದು ಆರು ತಿಂಗಳು ದಾಟುವ ಮೊದಲು ಆಗಬೇಕಾದ ನೇರ ಭೇಟಿಯದು. ಸಾಧ್ಯವಾದರೆ ಎಕೋ, ಇ.ಸಿ.ಜಿ. ಮತ್ತು ರಕ್ತಪರೀಕ್ಷೆ ಒಂದೇ ದಿನ ಮುಗಿಯುವಂತೆ ಆಸ್ಪತ್ರೆಯೊಂದಿಗೆ ಮಾತನಾಡಿ ಆ ನೇರ ಭೇಟಿಯನ್ನು ಗೊತ್ತುಪಡಿಸಿ. ಹೋಗುವಾಗ ನಿಮ್ಮ ಬಿ.ಪಿ. ಯಂತ್ರವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಅಲ್ಲಿನ ಯಂತ್ರದ ಪಕ್ಕದಲ್ಲಿಟ್ಟು ಎರಡರ ಅಂಕಿಯನ್ನೂ ಹೋಲಿಸಿ ನೋಡಿ.